ಕುಂಡಲಿಕಾದಲ್ಲಿ ರಾಫ್ಟಿಂಗ್‌ಗೆ ಹೊರಟಿದ್ದೀರಾ? ಹತ್ತುವ ಮುನ್ನ ದೋಣಿಯ ತೇಪೆ ನೋಡಿ: ರಭಸದ ನೀರಿನ ದೋಣಿಗಳ ರಿಪೇರಿ, ಸಜ್ಜಿಕೆ ಹೀಗಿರುತ್ತೆ

ಪುಣೆಯ ಹಡಪಸರದಿಂದ ರಾಯಗಡ ಜಿಲ್ಲೆಯ ಕೋಲಾಡ್‌ಗೆ ಕಾರಿನಲ್ಲಿ ಹೋದರೆ ಮೂರೂವರೆ-ನಾಲ್ಕು ಗಂಟೆ ದಾರಿ. ಚಾಂದನಿ ಚೌಕ ದಾಟಿ, ಪಿರಂಗುಟ್, ಮುಳಶಿ ಮೇಲೆ ಹಾದು ತಾಮ್ಹಿಣಿ ಘಾಟ್ ಇಳಿದರೆ ಆಯಿತು. ಮಗರಪಟ್ಟಾದ ಐಟಿ ಕಚೇರಿಗಳಲ್ಲಿ, ಹಡಪಸರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ವಾರಾಂತ್ಯದ ರಾಫ್ಟಿಂಗ್ ಅಂದರೆ ಇದೇ ಕುಂಡಲಿಕಾ ನದಿ. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿರುವ ಕನ್ನಡಿಗರೂ ಈ ಗುಂಪುಗಳಲ್ಲಿ ಇದ್ದೇ ಇರುತ್ತಾರೆ.

ಹೋಗುವವರು ಸಾಮಾನ್ಯವಾಗಿ ಕೇಳುವುದು ಮೂರು ಪ್ರಶ್ನೆ: ತಲೆಗೆ ಎಷ್ಟು, ಊಟ ಇದೆಯಾ, ವಿಡಿಯೊ ಮಾಡಿಕೊಡ್ತೀರಾ. ಕೂರುವ ದೋಣಿ ಕೊನೆಯ ಸಲ ರಿಪೇರಿ ಆಗಿದ್ದು ಯಾವಾಗ ಎಂದು ಕೇಳುವವರು ತೀರಾ ಕಡಿಮೆ. ಆದರೆ ಬಂಡೆಗಳ ನಡುವೆ ನೊರೆಯಾಗಿ ನುಗ್ಗುವ ನೀರಿನಲ್ಲಿ ನಿಮ್ಮ ಜೀವ ನಿಂತಿರುವುದು ಮಿಲಿಮೀಟರ್ ಲೆಕ್ಕದ ಒಂದು ರಬ್ಬರ್ ಪದರ, ಅದರ ಮೇಲಿನ ಅಂಗೈ ಅಗಲದ ತೇಪೆ, ಒಂದಿಷ್ಟು ಹಗ್ಗ ಮತ್ತು ಬಕಲ್‌ಗಳ ಮೇಲೆ. ಈ ದೋಣಿಗಳನ್ನು ರಿಪೇರಿ ಮಾಡುವುದು ಹೇಗೆ, ಒಳಗೆ ಏನೇನು ಕಟ್ಟುತ್ತಾರೆ, ಯಾವುದು ತಪ್ಪಿದರೆ ಏನಾಗುತ್ತದೆ? ಇಲ್ಲಿದೆ ಮಾಹಿತಿ.

ಅಷ್ಟಕ್ಕೂ ಇದು ಯಾವ ನೀರು ಗೊತ್ತಾ?

ದೋಣಿಯ ವಿಷಯಕ್ಕೆ ಹೋಗುವ ಮೊದಲು ಒಂದು ಸಣ್ಣ ಸುತ್ತು. ಕುಂಡಲಿಕಾದಲ್ಲಿ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುವುದಕ್ಕೆ ಕಾರಣ ಮಳೆಯಲ್ಲ, ವಿದ್ಯುತ್. ಪುಣೆಯ ಪಶ್ಚಿಮಕ್ಕೆ ಮುಳಾ ನದಿಗೆ ಅಡ್ಡಲಾಗಿ ಟಾಟಾ ಕಂಪನಿ ಕಟ್ಟಿದ ಮುಳಶಿ ಅಣೆಕಟ್ಟು ಇದೆ. ಅಲ್ಲಿನ ನೀರನ್ನು ಸುರಂಗದ ಮೂಲಕ ಸಹ್ಯಾದ್ರಿಯ ಆಚೆ ಬದಿಗೆ ತಿರುಗಿಸಿ, ಸುಮಾರು 500 ಮೀಟರ್ ಕೆಳಗಿರುವ ಭೀರಾ ವಿದ್ಯುದಾಗಾರಕ್ಕೆ ಬೀಳಿಸುತ್ತಾರೆ. 1927ರಿಂದ ಇದು ನಡೆದಿದೆ. ಟರ್ಬೈನ್ ತಿರುಗಿಸಿ ಹೊರಬಂದ ನೀರು ಕುಂಡಲಿಕಾಗೆ ಸೇರುತ್ತದೆ. ಬೆಳಿಗ್ಗೆ ನೀರು ಬಿಟ್ಟಾಗ ಸುಮಾರು 12-14 ಕಿ.ಮೀ. ಉದ್ದಕ್ಕೆ ರಾಫ್ಟ್‌ಗಳು ಇಳಿಯುತ್ತವೆ.

ಮುಳಾ ನದಿ ತನ್ನ ಪಾಡಿಗೆ ಹರಿದಿದ್ದರೆ ಈ ನೀರು ಎಲ್ಲಿಗೆ ಹೋಗುತ್ತಿತ್ತು? ಪುಣೆಯಲ್ಲಿ ಮುಠಾ ನದಿಯನ್ನು ಕೂಡಿಕೊಂಡು, ಮುಂಢ್ವಾ-ಹಡಪಸರದ ಪಕ್ಕದಲ್ಲೇ ಹಾದು, ಭೀಮೆಗೆ ಸೇರಿ, ಕಲಬುರಗಿ ಸೀಮೆಯಲ್ಲಿ ಹರಿದು ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತಿತ್ತು. ಅಂದರೆ ಹಡಪಸರದ ಹುಡುಗರು ನಾಲ್ಕು ಗಂಟೆ ಪ್ರಯಾಣ ಮಾಡಿ ಆಡಿ ಬರುವ ನೀರು, ಮೂಲದಲ್ಲಿ ಅವರ ಮನೆ ಹಿಂದೆಯೇ ಹರಿಯಬೇಕಿದ್ದ ನೀರು. ಈ ಅಣೆಕಟ್ಟಿನ ವಿರುದ್ಧ 1921ರಿಂದ 1924ರವರೆಗೆ ನಡೆದ ಮುಳಶಿ ಸತ್ಯಾಗ್ರಹದಿಂದಲೇ ಪಾಂಡುರಂಗ ಮಹಾದೇವ ಬಾಪಟ್ ಅವರಿಗೆ 'ಸೇನಾಪತಿ' ಎಂಬ ಹೆಸರು ಬಂತು. ಅದು ಬೇರೆಯೇ ಕಥೆ.

ಕರ್ನಾಟಕದಲ್ಲೂ ಇದೇ ರೀತಿ. ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ನಿಂತಿರುವುದು ಸೂಪಾ ಅಣೆಕಟ್ಟೆಯಿಂದ ಬಿಡುವ ನೀರಿನ ಮೇಲೆ. ಕೊಡಗಿನ ಬರಪೊಳೆ ಮಾತ್ರ ಅಪ್ಪಟ ಮಳೆಗಾಲದ ನದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಆಟ. ಅಣೆಕಟ್ಟೆಯ ನೀರಿಗೂ ಮಳೆ ನೀರಿಗೂ ದೋಣಿ ರಿಪೇರಿಯ ದೃಷ್ಟಿಯಿಂದ ಒಂದು ದೊಡ್ಡ ವ್ಯತ್ಯಾಸ ಇದೆ. ವರ್ಷಪೂರ್ತಿ ನೀರು ಸಿಗುವ ಕಡೆ ದೋಣಿಗಳಿಗೆ ರಜೆ ಇರುವುದಿಲ್ಲ. ರಜೆ ಇಲ್ಲದ ದೋಣಿಗೆ ಸರಿಯಾದ ರಿಪೇರಿಗೂ ಪುರುಸೊತ್ತು ಸಿಗುವುದಿಲ್ಲ.

ಹರಿಗೋಲಿನಿಂದ ಹೈಪಲಾನ್‌ವರೆಗೆ

ರಭಸದ ನೀರಿನಲ್ಲಿ ಬಳಸುವ ದೋಣಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಗಾಳಿ ತುಂಬಿದ ರಾಫ್ಟ್. ಒಬ್ಬರು ಕಾಲು ಚಾಚಿ ಕೂತು ಎರಡೂ ಬದಿ ಅಲಗಿರುವ ಹುಟ್ಟು ಹಾಕುವ ಕಯಾಕ್. ಮೊಣಕಾಲೂರಿ ಕೂತು ಒಂದೇ ಅಲಗಿನ ಹುಟ್ಟು ಹಾಕುವ ಕೆನೂ. ನಮ್ಮಲ್ಲಿ ಜನ ಹೆಚ್ಚು ಕಂಡಿರುವುದು ರಾಫ್ಟ್. ಕಯಾಕ್‌ಗಳನ್ನು ರಾಫ್ಟ್ ಜೊತೆಗೆ ಬರುವ ರಕ್ಷಣಾ ಸಿಬ್ಬಂದಿ ಬಳಸುತ್ತಾರೆ. ಕೆನೂ ಅಪರೂಪ, ಆದರೆ ಒಲಿಂಪಿಕ್ಸ್‌ನ ಕೆನೂ ಸ್ಲಾಲಂ ನೋಡಿದವರಿಗೆ ಅದು ಗೊತ್ತು. ಮಧ್ಯಪ್ರದೇಶದ ಮಹೇಶ್ವರದಲ್ಲಿ ನರ್ಮದೆಯ ಸಹಸ್ರಧಾರೆಯಲ್ಲಿ ಈ ಸ್ಪರ್ಧೆ ನಡೆಯುತ್ತದೆ.

ಇವೆಲ್ಲ ಪರದೇಶದ ಸಾಮಾನು ಅನ್ನಿಸಿದರೆ ಹಂಪಿಯ ಹರಿಗೋಲನ್ನು ನೆನಪಿಸಿಕೊಳ್ಳಿ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿ ಬಳಿ ಜನ ಹೊಳೆ ದಾಟುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಹೆಣೆದ ಬಿದಿರು-ಬೆತ್ತ, ಹೊರಗೆ ಚರ್ಮ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ. ಹರಿಗೋಲು ಸೋರಿದರೆ ದಡಕ್ಕೆ ಎಳೆದು ಬೋರಲು ಹಾಕಿ, ಒಣಗಿಸಿ, ತೂತಿನ ಮೇಲೆ ತುಂಡು ಹಾಳೆ ಇಟ್ಟು ಬಿಸಿ ಡಾಂಬರು ಬಳಿಯುತ್ತಾರೆ. ಒಣಗಿಸು, ಉಜ್ಜು, ಅಂಟಿಸು, ಕಾಯು: ಲಕ್ಷಾಂತರ ರೂಪಾಯಿಯ ರಾಫ್ಟ್‌ಗೂ ಇದೇ ನಾಲ್ಕು ಹೆಜ್ಜೆ. ಬದಲಾಗಿರುವುದು ಅಂಟು ಮಾತ್ರ. ಎಲ್ಲ ಎಡವಟ್ಟೂ ಆಗುವುದು ಆ ಅಂಟಿನಲ್ಲೇ.

ರಾಫ್ಟ್‌ಗೆ ತೇಪೆ: ಸೈಕಲ್ ಪಂಕ್ಚರ್ ಅಲ್ಲ ಇದು

ಮೊದಲು ಗಾಳಿಯ ಲೆಕ್ಕ. ಕಾರಿನ ಟೈರ್‌ಗೆ 30-35 ಪಿಎಸ್‌ಐ ಗಾಳಿ ಹಾಕುತ್ತೇವೆ. ರಾಫ್ಟ್‌ನ ಕೊಳವೆಗಳಲ್ಲಿ ಇರುವುದು ಕೇವಲ 2ರಿಂದ 2.5 ಪಿಎಸ್‌ಐ. ಇಷ್ಟು ಕಡಿಮೆ ಒತ್ತಡ ಇರುವುದರಿಂದಲೇ ಬಂಡೆಗೆ ಬಡಿದರೆ ರಾಫ್ಟ್ ಒಡೆಯುವ ಬದಲು ಮೆತ್ತಗೆ ಬಾಗಿ ಪುಟಿಯುತ್ತದೆ. ಹೊರಗಿನ ಕೊಳವೆಯನ್ನು ಒಳಗೊಳಗೇ ಸಾಮಾನ್ಯವಾಗಿ ನಾಲ್ಕು ಕೋಣೆಗಳಾಗಿ ಭಾಗ ಮಾಡಿರುತ್ತಾರೆ. ಒಂದು ಕೋಣೆ ಹರಿದರೂ ಉಳಿದ ಮೂರು ತೇಲಿಸಬೇಕು ಎಂಬುದು ಲೆಕ್ಕಾಚಾರ. ಕೋಣೆಗಳ ನಡುವಿನ ಒಳಗೋಡೆ ಸೋರುತ್ತಿದ್ದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಆದರೆ ಒಂದು ಕಡೆ ಹರಿದ ದಿನ ಎರಡು ಕೋಣೆ ಒಟ್ಟಿಗೆ ಕುಸಿಯುತ್ತವೆ. ಅದಕ್ಕೇ ಒಂದೊಂದೇ ಕೋಣೆಗೆ ಗಾಳಿ ತುಂಬಿ, ಪಕ್ಕದ್ದನ್ನು ಖಾಲಿ ಬಿಟ್ಟು, ರಾತ್ರಿಯಿಡೀ ಇಟ್ಟು ನೋಡುವ ಪರೀಕ್ಷೆ ಬೇಕು. ಸಮಯ ಹಿಡಿಯುವ ಕೆಲಸ, ಆದ್ದರಿಂದಲೇ ತಪ್ಪಿಸಿಕೊಳ್ಳುವ ಕೆಲಸವೂ ಹೌದು.

ರಾಫ್ಟ್‌ಗಳಲ್ಲಿ ಬಳಸುವ ಬಟ್ಟೆ ಎರಡು ಬಗೆ. ಒಂದು, ಹೈಪಲಾನ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಸಿಂಥೆಟಿಕ್ ರಬ್ಬರ್ ಲೇಪನದ ಬಟ್ಟೆ. ಹೈಪಲಾನ್ ಡ್ಯುಪಾಂಟ್ ಕಂಪನಿಯ ಬ್ರ್ಯಾಂಡ್. 2010ರ ಹೊತ್ತಿಗೆ ಕಂಪನಿ ತಯಾರಿಕೆ ನಿಲ್ಲಿಸಿದರೂ ಅದೇ ಬಗೆಯ ರಬ್ಬರ್ ಬೇರೆಯವರಿಂದ ಬರುತ್ತಿದೆ, ಹೆಸರು ಹಾಗೇ ಉಳಿದಿದೆ. ಇನ್ನೊಂದು ಪಿವಿಸಿ, ಬೆಲೆ ಕಡಿಮೆ. ಎರಡಕ್ಕೂ ಅಂಟು ಬೇರೆ ಬೇರೆ. ಹೈಪಲಾನ್‌ಗೆ ನಿಯೋಪ್ರೀನ್ ಆಧಾರದ ಅಂಟು, ಪಿವಿಸಿಗೆ ಪಾಲಿಯುರಿಥೇನ್ ಅಂಟು. ಅದಲು ಬದಲಾದರೆ ತೇಪೆ ಅಂಟಿದಂತೆ ಕಾಣುತ್ತದೆ, ಬಿಸಿಲಿಗೆ ಬಿದ್ದ ಮೇಲೆ ಅಂಚಿನಿಂದ ಏಳತೊಡಗುತ್ತದೆ. ಯಾವ ಬಟ್ಟೆ ಎಂದು ಗೊತ್ತಿಲ್ಲದಿದ್ದರೆ ಎಂಇಕೆ ದ್ರಾವಕವನ್ನು ಬಟ್ಟೆಯಲ್ಲಿ ಅದ್ದಿ ಮೂಲೆಯಲ್ಲಿ ಒರೆಸಿ ನೋಡುತ್ತಾರೆ. ಪಿವಿಸಿ ಆದರೆ ಬೆರಳಿಗೆ ಅಂಟಂಟು ಹತ್ತುತ್ತದೆ, ಹೈಪಲಾನ್ ಆದರೆ ಹಾಗಾಗುವುದಿಲ್ಲ.

ಇನ್ನು ತೇಪೆ ಹಾಕುವ ಕ್ರಮ. ಸೋಪು ನೀರು ಬಳಿದು ಗುಳ್ಳೆ ಏಳುವ ಜಾಗ ಹುಡುಕಿ ಗುರುತು ಮಾಡಬೇಕು. ಗಾಳಿ ಪೂರ್ತಿ ಬಿಡಬೇಕು. ತೇಪೆ ತೂತಿನ ಅಂಚಿನಿಂದ ಎಲ್ಲ ಕಡೆಗೂ ಕನಿಷ್ಠ 5 ಸೆಂ.ಮೀ. ಹೊರಗೆ ಚಾಚಿರಬೇಕು, ಮೂಲೆಗಳು ದುಂಡಗಿರಬೇಕು. ಚೂಪು ಮೂಲೆ ಇದ್ದರೆ ಬಂಡೆ ತಾಗಿದಾಗ ಅಲ್ಲಿಂದಲೇ ಕೀಳುತ್ತದೆ. ಹೈಪಲಾನ್ ಆದರೆ ತೇಪೆಯ ಹಿಂಬದಿ ಮತ್ತು ದೋಣಿಯ ಮೈ ಎರಡನ್ನೂ ಹೊಳಪು ಹೋಗುವ ತನಕ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಬೇಕು. ದ್ರಾವಕದಿಂದ ಒರೆಸಿ, ಅಂಟನ್ನು ತೆಳ್ಳಗೆ ಬಳಿದು, ಒಣಗಲು ಬಿಟ್ಟು, ಮತ್ತೊಂದು ಪದರ ಬಳಿಯಬೇಕು. ಬೆರಳ ಗೆಣ್ಣು ತಾಗಿಸಿದರೆ ಹಿಡಿದಂತಾಗಿ ಬಿಡಬೇಕು, ಆಗ ಅದು ಹದ. ಆಮೇಲೆ ತೇಪೆಯನ್ನು ಮಧ್ಯದಿಂದ ಅಂಚಿನ ಕಡೆಗೆ ರೋಲರ್‌ನಿಂದ ಒತ್ತಿ ಗಾಳಿ ಗುಳ್ಳೆ ತೆಗೆಯಬೇಕು. ಒಂದು ದಿನ ಮುಟ್ಟಬಾರದು.

ಒಂದು ದಿನ ಮುಟ್ಟಬಾರದು ಎಂಬಲ್ಲೇ ಎಲ್ಲ ಕೆಡುವುದು. ಶನಿವಾರ ಹರಿದ ದೋಣಿಗೆ ಭಾನುವಾರದ ಬುಕಿಂಗ್ ಇರುತ್ತದೆ.

ಅದಕ್ಕಿಂತ ದೊಡ್ಡ ಶತ್ರು ಕೊಂಕಣದ ತೇವ. ಎರಡು ಭಾಗಗಳ ಈ ಅಂಟುಗಳಲ್ಲಿ ಗಟ್ಟಿ ಮಾಡುವ ದ್ರವ ಗಾಳಿಯ ನೀರಿನಂಶದ ಜೊತೆಗೂ ಪ್ರತಿಕ್ರಿಯಿಸುತ್ತದೆ. ಅಲ್ಲದೆ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಕಣ್ಣಿಗೆ ಕಾಣದ ತೆಳು ನೀರಿನ ಪೊರೆ ಕೂರುತ್ತದೆ. ಗಾಳಿಯಲ್ಲಿ ತೇವಾಂಶ ಶೇ 60-70 ದಾಟಿದರೆ ಅಂಟಿಸುವ ಕೆಲಸ ಮುಂದೂಡಬೇಕು. ಜುಲೈನಲ್ಲಿ ತಾಮ್ಹಿಣಿ ಕೆಳಗಿನ ಊರುಗಳಲ್ಲಿ ತೇವಾಂಶ ಶೇ 90ರ ಆಸುಪಾಸು ಇರುತ್ತದೆ. ಆದ್ದರಿಂದ ಗಟ್ಟಿ ರಿಪೇರಿ ಎಲ್ಲವೂ ಏಪ್ರಿಲ್-ಮೇ ಒಳಗೆ ಮುಗಿಯಬೇಕು. ಇಲ್ಲವೇ ಘಾಟ್ ಹತ್ತಿಸಿ ಒಣ ಹವೆಯ ಕಡೆ, ಮುಚ್ಚಿದ ಕೋಣೆಯಲ್ಲಿ ಹೀಟರ್ ಹಚ್ಚಿ ಮಾಡಬೇಕು. ಮಳೆಗಾಲದಲ್ಲಿ ದಡದ ತಗಡಿನ ಶೆಡ್‌ನಲ್ಲಿ ಹಾಕಿದ ತೇಪೆ, ಹಾಕಿದವರ ಸಮಾಧಾನಕ್ಕಷ್ಟೇ.

ಗೇಣಿಗಿಂತ ಉದ್ದ ಹರಿದರೆ ತೇಪೆಯೊಂದೇ ಸಾಲದು. ಮೊದಲು ಎರಡೂ ಅಂಚು ಕೂಡಿಸಿ ದಪ್ಪ ನೈಲಾನ್ ದಾರದಿಂದ ಹೊಲಿಯಬೇಕು, ಕ್ರಿಕೆಟ್ ಚೆಂಡಿನ ಹೊಲಿಗೆಯ ಹಾಗೆ. ಒಳಗಿನಿಂದ ಒಂದು ತೇಪೆ, ಹೊರಗಿನಿಂದ ಒಂದು ತೇಪೆ. ಒಳಗೆ ಕೈ ಹಾಕಿ ಅಂಟಿಸುವುದು ಕಷ್ಟ, ಹಾಗಾಗಿ ಹೊರಗಿನದೊಂದನ್ನೇ ಹಾಕಿ ಮುಗಿಸುವುದುಂಟು. ಅಂಥ ತೇಪೆಯ ನಡುವೆ ಗಾಳಿ ತುಂಬಿದಾಗ ಸಣ್ಣ ಉಬ್ಬು ಕಾಣುತ್ತದೆ. ಅದು ಕಂಡರೆ ಆ ರಾಫ್ಟ್ ಬೇಡ ಎನ್ನಿ.

ಬಿಸಿಲಿನ ಆಟವೂ ಸಣ್ಣದಲ್ಲ. ಬೆಳಗಿನ 25 ಡಿಗ್ರಿಯಲ್ಲಿ 2.5 ಪಿಎಸ್‌ಐ ತುಂಬಿದ ರಾಫ್ಟ್ ದಡದ ಬಿಸಿಲಿನಲ್ಲಿ 55 ಡಿಗ್ರಿಗೆ ಕಾದರೆ ಗೇಜ್ 4ರ ಹತ್ತಿರ ಬರುತ್ತದೆ. ಹೊಲಿಗೆ, ಸಂದುಗಳು ಬಿರಿಯುವುದು ಆಗಲೇ. ಅದನ್ನೇ ತಣ್ಣನೆಯ ನೀರಿಗೆ ಇಳಿಸಿದರೆ ಗಾಳಿ ಕುಗ್ಗಿ ದೋಣಿ ಮೆತ್ತಗಾಗುತ್ತದೆ. ಒಳ್ಳೆಯ ಗೈಡ್ ದಡದಲ್ಲಿ ಗಾಳಿ ಸ್ವಲ್ಪ ಬಿಟ್ಟು, ನೀರಿಗೆ ಇಳಿಸಿದ ಮೇಲೆ ಮತ್ತೆ ಪಂಪ್ ಹೊಡೆಯುತ್ತಾನೆ. ಇದನ್ನು ಕಂಡರೆ ಗಾಬರಿ ಬೇಡ, ಅದು ಒಳ್ಳೆಯ ಲಕ್ಷಣ.

ಕಯಾಕ್ ಸೀಳಿದರೆ ಬಂಪರ್ ಅಂಗಡಿಗೆ ಹೋಗಬಹುದಾ?

ಪ್ಲಾಸ್ಟಿಕ್ ಕಯಾಕ್ ಮತ್ತು ಮನೆ ತಾರಸಿಯ ಕಪ್ಪು ನೀರಿನ ಟ್ಯಾಂಕ್ ದಾಯಾದಿಗಳು. ಸಾಮಾನ್ಯವಾಗಿ ಎರಡನ್ನೂ ಪಾಲಿಎಥಿಲೀನ್ ಪುಡಿಯನ್ನು ಅಚ್ಚಿನಲ್ಲಿ ಹಾಕಿ, ಬಿಸಿ ಮಾಡುತ್ತಾ ತಿರುಗಿಸಿ ತಯಾರಿಸುತ್ತಾರೆ. ಈ ಪ್ಲಾಸ್ಟಿಕ್‌ನ ಗುಣವೇ ಅದರ ದೋಷ: ಯಾವುದೂ ಇದಕ್ಕೆ ಸುಲಭಕ್ಕೆ ಅಂಟುವುದಿಲ್ಲ. ಮಾರುಕಟ್ಟೆಯ ಮಾಮೂಲಿ ಅಂಟುಗಳು ಒಣಗಿದ ಮೇಲೆ ಸಿಪ್ಪೆಯಂತೆ ಕಳಚುತ್ತವೆ. ಕೆಲವು ವಿಶೇಷ ಎಪಾಕ್ಸಿಗಳು ಹಿಡಿಯುತ್ತವೆ, ಅದೂ ಮೇಲ್ಮೈಗೆ ಬ್ಲೋ ಟಾರ್ಚ್‌ನ ನೀಲಿ ಜ್ವಾಲೆಯನ್ನು ಬೇಗಬೇಗ ಆಡಿಸಿ ತಯಾರು ಮಾಡಿದರೆ ಮಾತ್ರ.

ಆದ್ದರಿಂದ ಬಿರುಕಿಗೆ ವೆಲ್ಡಿಂಗ್ ಒಂದೇ ದಾರಿ. ಹಡಪಸರದಂಥ ಕಡೆ ವಾಹನಗಳ ಬಂಪರ್ ವೆಲ್ಡ್ ಮಾಡುವ ಗ್ಯಾರೇಜ್‌ಗಳಿಗೆ ಕೊರತೆ ಇಲ್ಲ. ಬಿಸಿ ಗಾಳಿಯ ಗನ್ ಅವರಲ್ಲಿ ಇರುತ್ತದೆ, ಕೈ ಪಳಗಿರುತ್ತದೆ. ಆದರೆ ಒಂದು ಎಚ್ಚರ ಬೇಕು. ಕಾರಿನ ಬಂಪರ್‌ಗಳು ಬಹುತೇಕ ಪಾಲಿಪ್ರೊಪಿಲೀನ್. ಬಂಪರ್ ಒಳಮೈಯಲ್ಲಿ 'ಪಿಪಿ' ಎಂಬ ಅಚ್ಚು ಇರುವುದನ್ನು ನೋಡಬಹುದು. ಆ ಕಡ್ಡಿಯನ್ನು ಕರಗಿಸಿ ಪಾಲಿಎಥಿಲೀನ್ ಕಯಾಕ್‌ಗೆ ತುಂಬಿದರೆ ನೋಡಲು ಚೆಂದ ಕೂರುತ್ತದೆ, ಒಳಗೆ ಬೆಸೆಯುವುದಿಲ್ಲ. ಮೊದಲ ಬಂಡೆಗೆ ಬಿಟ್ಟುಕೊಳ್ಳುತ್ತದೆ. ದೋಣಿ ಯಾವ ಪ್ಲಾಸ್ಟಿಕ್‌ನದೋ ಅದೇ ಪ್ಲಾಸ್ಟಿಕ್‌ನ ಕಡ್ಡಿ ಬೇಕು. ಅನುಭವಿಗಳು ಹಳೇ ದೋಣಿಯ ಅಂಚಿನಿಂದ ಸಣ್ಣ ಪಟ್ಟಿ ಕತ್ತರಿಸಿ ಅದನ್ನೇ ಕಡ್ಡಿಯಾಗಿ ಬಳಸುತ್ತಾರೆ. ಕೆಲವು ಹಳೆಯ ದೋಣಿಗಳು 'ಕ್ರಾಸ್‌ಲಿಂಕ್' ಬಗೆಯ ಪಾಲಿಎಥಿಲೀನ್. ಅವು ಕರಗುವುದೇ ಇಲ್ಲ, ವೆಲ್ಡ್ ಮಾತೇ ಇಲ್ಲ.

ಬಿರುಕಿನ ಎರಡೂ ತುದಿಗಳಲ್ಲಿ ಸಣ್ಣ ರಂಧ್ರ ಕೊರೆಯುವುದನ್ನು ಮರೆಯುವಂತಿಲ್ಲ. ಸೀಳು ಮುಂದಕ್ಕೆ ಓಡುವುದು ಅದರ ಚೂಪು ತುದಿಯಿಂದ. ತುದಿಯನ್ನು ದುಂಡಗೆ ಮಾಡಿದರೆ ಓಟ ನಿಲ್ಲುತ್ತದೆ. ಆಮೇಲೆ ಬಿರುಕಿನುದ್ದಕ್ಕೂ ವಿ ಆಕಾರದ ಸಾಲು ಕೆತ್ತಿ, ಕಡ್ಡಿ ಮತ್ತು ದೋಣಿಯ ಮೈ ಎರಡೂ ಒಟ್ಟಿಗೆ ಕರಗುವಷ್ಟು ಮಾತ್ರ ಬಿಸಿ ಕೊಟ್ಟು ತುಂಬಬೇಕು. ಕಂದು ಬಣ್ಣಕ್ಕೆ ತಿರುಗಿ ಹೊಗೆ ಬಂದರೆ ಪ್ಲಾಸ್ಟಿಕ್ ಸುಟ್ಟಿದೆ ಎಂದರ್ಥ. ತಣ್ಣೀರು ಸುರಿದು ಬೇಗ ಆರಿಸಲೂಬಾರದು.

ಇಷ್ಟೆಲ್ಲ ಮಾಡಿದರೂ, ತಳ ಸೀಳಿದ ಕಯಾಕ್ ಹೊಸದರಂತಾಗುವುದಿಲ್ಲ. ವೆಲ್ಡ್ ಮಾಡಿದ ದೋಣಿಯನ್ನು ನಿಧಾನ ನೀರಿಗೆ, ಕಲಿಯುವವರ ಅಭ್ಯಾಸಕ್ಕೆ ಇಡುವುದು ಜಾಣತನ. ಬಂಡೆಗಳ ನಡುವೆ ಅದು ಎಷ್ಟು ದಿನ ಬಾಳುತ್ತದೆ ಎಂದು ಯಾರೂ ಬರೆದುಕೊಡಲಾರರು. ನದಿಯ ಮಧ್ಯೆ ಸೀಳಿದಾಗ ದಡ ಸೇರುವುದಕ್ಕೆ ಮಾತ್ರ ಒಂದು ಉಪಾಯವಿದೆ: ತಾರಸಿ ಸೋರಿಕೆಗೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮಾರುವ ಡಾಂಬರು ಪಟ್ಟಿ. ಒಣಗಿಸಿ, ಲೈಟರ್‌ನಿಂದ ಬೆಚ್ಚಗೆ ಮಾಡಿ ಒತ್ತಿದರೆ ಪಾಲಿಎಥಿಲೀನ್‌ಗೂ ಹಿಡಿಯುತ್ತದೆ. ಹರಿಗೋಲಿನವರ ಡಾಂಬರು ಕೊನೆಗೂ ಇಲ್ಲಿ ಕೆಲಸಕ್ಕೆ ಬಂತು!

ಕೆನೂ ಕಥೆ: ಅಂಗಡಿಯಿಂದ ತಂದದ್ದು ಅರ್ಧ ದೋಣಿ

ಕಯಾಕ್‌ನ ಮೇಲ್ಭಾಗ ಮುಚ್ಚಿರುತ್ತದೆ. ಕೆನೂ ತೆರೆದ ದೋಣಿ. ನೊರೆನೀರಿನಲ್ಲಿ ಒಂದೇ ಅಲೆಗೆ ತುಂಬಿಕೊಳ್ಳುತ್ತದೆ. ಇಬ್ಬರು ಕೂರುವ ಕೆನೂ ತುಂಬಿದರೆ ಅದರೊಳಗಿನ ನೀರೇ ಅರ್ಧ ಟನ್‌ಗಿಂತ ಹೆಚ್ಚು. ಅದು ಅಡ್ಡ ತಿರುಗಿ ಬಂಡೆಗೆ ಒರಗಿತು ಎಂದುಕೊಳ್ಳಿ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹರಿಯುವ ನೀರು ಎರಡು ಚದರ ಮೀಟರ್ ಮೈಯನ್ನು ತಳ್ಳುವ ಬಲ ಸುಮಾರು 800 ಕೆ.ಜಿ. ತೂಕಕ್ಕೆ ಸಮ. ನೀರಿನ ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಎಂಥ ದೋಣಿಯೂ ಬಂಡೆಯ ಸುತ್ತ ಕಾಗದದಂತೆ ಮಡಚಿಕೊಳ್ಳುತ್ತದೆ. ದೋಣಿಗೂ ಬಂಡೆಗೂ ನಡುವೆ ಮನುಷ್ಯ ಇದ್ದರೆ ಹೇಳಬೇಕಾದ್ದೇ ಇಲ್ಲ.

ಆದ್ದರಿಂದ ನೊರೆನೀರಿನ ಕೆನೂ ಕೊಂಡ ಮೇಲೆ ಅದರ ಹೊಟ್ಟೆ ತುಂಬುವ ಕೆಲಸ ಶುರುವಾಗುತ್ತದೆ. ನೀರಿಗೆ ಜಾಗವೇ ಇಲ್ಲದಂತೆ ಮಾಡುವುದು ಉದ್ದೇಶ. ಮುಂದಿನ ತುದಿಗೂ ಹಿಂದಿನ ತುದಿಗೂ ದೊಡ್ಡ ಗಾಳಿಚೀಲ ಹಾಕುತ್ತಾರೆ. ಚೀಲ ಇಟ್ಟರೆ ಸಾಲದು, ಕಟ್ಟಬೇಕು. ದೋಣಿಯ ಅಂಚಿನ ಕೆಳಗೆ ಸಾಲಾಗಿ ಸಣ್ಣ ತೂತು ಕೊರೆದು, ಮಂಚಕ್ಕೆ ನವಾರು ನೇಯ್ದಂತೆ ಹಗ್ಗವನ್ನು ಅತ್ತಿಂದಿತ್ತ ನೇಯುತ್ತಾರೆ. ಜೊತೆಗೆ ಉದ್ದುದ್ದಕ್ಕೆ ಒಂದು ಪಟ್ಟಿ ಎಳೆದು ತಳದ ಕೊಂಡಿಗೆ ಬಿಗಿಯುತ್ತಾರೆ. ಹಗ್ಗ ಸಡಿಲವಾಗಿದ್ದರೆ ದೋಣಿ ಮಗುಚಿದ ಕ್ಷಣ ಚೀಲ ಸೋಪಿನಂತೆ ಜಾರಿ ಹೊರಬರುತ್ತದೆ. ಸಡಿಲ ಹಗ್ಗದಲ್ಲಿ ಕಾಲು ಸಿಕ್ಕಿಕೊಳ್ಳುವ ಅಪಾಯ ಬೇರೆ.

ನಡುವೆ ಕೂರುವುದಕ್ಕೆ ದಪ್ಪ ಫೋಮ್‌ನ ಜೀನು. ಹೌದು, ಕುದುರೆ ಮೇಲಿನ ಜೀನಿನಂಥದ್ದೇ. ಕೂರುವವರು ಅದರ ಮೇಲೆ ಕಾಲು ಇಕ್ಕೆಲಕ್ಕೆ ಹಾಕಿ ಮೊಣಕಾಲೂರುತ್ತಾರೆ. ನೀರು ಹೀರದ ಸೂಕ್ಷ್ಮರಂಧ್ರದ ಫೋಮ್ ಆಗಿರಬೇಕು, ಸೋಫಾದ ಸ್ಪಂಜ್ ಆಗುವುದಿಲ್ಲ. ಮೊಣಕಾಲಿಗೆ ಮೆತ್ತೆ, ಪಾದಕ್ಕೆ ಒತ್ತುಗಟ್ಟೆ, ತೊಡೆಯ ಮೇಲೆ ಹಾದು ಹೋಗುವ ಎರಡು ಪಟ್ಟಿ. ಈ ಪಟ್ಟಿಗಳು ಇದ್ದರೆ ದೋಣಿ ಮೈಗೆ ಅಂಟಿದ ಬಟ್ಟೆಯಂತೆ ಆಗುತ್ತದೆ. ಸೊಂಟ ತಿರುಗಿಸಿದರೆ ದೋಣಿ ತಿರುಗುತ್ತದೆ. ಮಗುಚಿದರೆ ನೀರೊಳಗಿನಿಂದಲೇ ಹುಟ್ಟು ಬೀಸಿ ಮತ್ತೆ ಎದ್ದು ಕೂರಬಹುದು.

ಇದೇ ಪಟ್ಟಿ ಪ್ರಾಣಕ್ಕೂ ಎರವಾಗಬಹುದು. ತಲೆಕೆಳಗಾಗಿ ನೀರಿನೊಳಗೆ ಇದ್ದಾಗ, ಕಣ್ಣಿಗೆ ಏನೂ ಕಾಣದಾಗ, ಒಂದೇ ಎಳೆತಕ್ಕೆ ಬಿಟ್ಟುಕೊಳ್ಳಬೇಕು. ಗಂಟು ಹಾಕಿದ ಪಟ್ಟಿ, ತುಕ್ಕು ಹಿಡಿದ ಬಕಲ್, ಮರಳು ಸೇರಿ ಬಿಗಿದ ಬಕಲ್ ಯಾವುದೂ ಸಲ್ಲದು. ಹೊಸದಾಗಿ ಸಜ್ಜು ಮಾಡಿದ ದೋಣಿಯನ್ನು ಮೊದಲು ಈಜುಕೊಳದಲ್ಲಿ ಅಥವಾ ಎದೆಮಟ್ಟದ ನಿಂತ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ ಹೊರಬಂದು ನೋಡಬೇಕು. ಹತ್ತು ಸಲ ಸಲೀಸಾಗಿ ಬಂದರೆ ಹೊಳೆಗೆ.

ಪಟ್ಟಿಗಳ ಕೊಂಡಿಗಳನ್ನು ದೋಣಿಯ ತಳಕ್ಕೆ ಅಂಟಿಸುವುದು ಮತ್ತೊಂದು ತಲೆನೋವು. ಹಳೆಯ ಕೆನೂಗಳು ಬಹುತೇಕ ರಾಯಲೆಕ್ಸ್ ಎಂಬ ಹಾಳೆಯಿಂದ ಮಾಡಿದವು. ನಡುವೆ ಎಬಿಎಸ್ ಪ್ಲಾಸ್ಟಿಕ್‌ನ ನೊರೆಪದರ, ಮೇಲೆ ಕೆಳಗೆ ವಿನೈಲ್ ಹೊದಿಕೆ. ವಿನೈಲ್ ಅಂಟು ಅದಕ್ಕೆ ಚೆನ್ನಾಗಿ ಹಿಡಿಯುತ್ತಿತ್ತು. ತಗ್ಗು ಬಿದ್ದರೆ ಹದವಾಗಿ ಬಿಸಿ ಮಾಡಿದರೆ ತಾನೇ ಉಬ್ಬುತ್ತಿತ್ತು, ತುದಿ ಸವೆದರೆ ಎಪಾಕ್ಸಿಯಲ್ಲಿ ನೆನೆಸಿದ ಕೆವ್ಲಾರ್ ಬಟ್ಟೆಯನ್ನು ಲಾಳದ ಹಾಗೆ ಹೊದಿಸಬಹುದಿತ್ತು. ತಯಾರಕ ಕಂಪನಿ ಕೈ ಬದಲಾದ ಮೇಲೆ 2014ರಲ್ಲಿ ರಾಯಲೆಕ್ಸ್ ತಯಾರಿಕೆ ನಿಂತಿತು. ಹಾಗಾಗಿ ಹಳೆಯ ಕೆನೂ ಇದ್ದವರು ಅದನ್ನು ಬಿಸಾಡುವುದಿಲ್ಲ, ರಿಪೇರಿ ಮಾಡಿ ಮಾಡಿ ಓಡಿಸುತ್ತಾರೆ. ಪಾಲಿಎಥಿಲೀನ್ ಕೆನೂಗಳಿಗೆ ಅಂಟು ಹಿಡಿಯದ ಕಾರಣ ಕೊಂಡಿಗಳನ್ನು ಬೋಲ್ಟ್ ಹಾಕಿಯೇ ಕೂರಿಸಬೇಕು. ಬೋಲ್ಟ್‌ನ ಚೂಪು ತುದಿ ಒಳಗೆ ಚಾಚಿದ್ದರೆ ಗಾಳಿಚೀಲಕ್ಕೆ ಅದೇ ಮುಳ್ಳು.

ಹಗ್ಗ, ಜಾಕೆಟ್: ಸಣ್ಣದರಲ್ಲೇ ಅಪಾಯ

ಕಯಾಕ್‌ಗೆ ಸಜ್ಜಿಕೆ ಕಡಿಮೆ, ಆದರೆ ಎರಡು ಅಂಶ ಮುಖ್ಯ. ಒಂದು, ಒಳಗೆ ಮೂಗಿನಿಂದ ಬಾಲದವರೆಗೆ ನಿಲ್ಲಿಸಿದ ಫೋಮ್ ಗೋಡೆ. ನೀರಿನ ಒತ್ತಡಕ್ಕೆ ಮೇಲ್ಭಾಗ ಕುಸಿದು ಕಾಲು ಸಿಕ್ಕಿಕೊಳ್ಳದಂತೆ ಅದು ಕಂಬವಾಗಿ ನಿಲ್ಲುತ್ತದೆ. ಅಲುಗಾಡುತ್ತಿದ್ದರೆ ಅಂಥ ಕಯಾಕ್ ನೀರಿಗೆ ಬೇಡ. ಎರಡು, ಸೊಂಟಕ್ಕೆ ಕಟ್ಟಿ ಬಾಯಿ ಮುಚ್ಚುವ ಸ್ಪ್ರೇ ಸ್ಕರ್ಟ್‌ನ ಮುಂದಿನ ಎಳೆಪಟ್ಟಿ. ಅದು ಹೊರಗೆ ಕಾಣುವಂತೆ ಇರಬೇಕು. ಒಳಗೆ ಸೇರಿಕೊಂಡಿದ್ದರೆ ಮಗುಚಿದಾಗ ಸ್ಕರ್ಟ್ ಬಿಚ್ಚಲು ಹಿಡಿತವೇ ಸಿಗುವುದಿಲ್ಲ.

ದೋಣಿಯ ಎರಡು ತುದಿಗಳಲ್ಲಿರುವ ಹಿಡಿಕೆಯ ಹಗ್ಗ ಬೆರಳು ದಪ್ಪ ಇರಬೇಕು. ತೆಳು ಹಗ್ಗ ಕೈ ಕೊಯ್ಯುತ್ತದೆ. ದೊಡ್ಡ ಕುಣಿಕೆಯಂತೆ ಇಳಿಬಿದ್ದಿದ್ದರೆ ದೋಣಿ ಉರುಳುವಾಗ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತದೆ. ರಾಫ್ಟ್‌ನ ಸುತ್ತಲೂ ಕಟ್ಟಿದ ಹಗ್ಗಕ್ಕೂ ಇದೇ ನಿಯಮ: ಬಿಗಿಯಾಗಿರಬೇಕು, ತೋಳು ತೂರುವಷ್ಟು ಜೋಲಬಾರದು.

ಲೈಫ್ ಜಾಕೆಟ್ ಕೂಡ ಸವೆಯುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಮೇಲೆ ಕೂತೂ ಕೂತೂ, ಬಿಸಿಲಿಗೆ ಒಣಗೀ ಒಣಗೀ ಒಳಗಿನ ಫೋಮ್ ಚಪ್ಪಟೆಯಾಗಿ ತೇಲುವ ಶಕ್ತಿ ಕುಗ್ಗುತ್ತದೆ. ವಯಸ್ಕರ ಜಾಕೆಟ್‌ಗೆ ಅಮೆರಿಕದ ಕನಿಷ್ಠ ಮಿತಿ 15.5 ಪೌಂಡ್, ಅಂದರೆ ಸುಮಾರು 7 ಕೆ.ಜಿ. ತೇಲುವ ಬಲ. ಪರೀಕ್ಷೆ ಸುಲಭ. ಜಾಕೆಟ್‌ಗೆ 7 ಕೆ.ಜಿ. ಕಬ್ಬಿಣದ ತೂಕ ಕಟ್ಟಿ ನೀರಿಗೆ ಬಿಡಿ. ಮುಳುಗಿದರೆ ಅದು ಕಸಕ್ಕೆ. ಬಟ್ಟೆಯ ಬಣ್ಣ ಬೆಳ್ಳಗಾಗಿ, ಹೊಲಿಗೆ ಉಗುರಿಗೇ ಹರಿಯುವಂತಿದ್ದರೆ ಪರೀಕ್ಷೆಯ ಅಗತ್ಯವೂ ಇಲ್ಲ.

ಹತ್ತುವ ಮುನ್ನ ಏನು ನೋಡಬೇಕು?

ದೇಶದಲ್ಲಿ ಸಾಹಸ ಪ್ರವಾಸೋದ್ಯಮಕ್ಕೆ 2018ರ ಮಾರ್ಗಸೂಚಿ ಇದೆ. ಮಹಾರಾಷ್ಟ್ರ 2021ರಲ್ಲಿ ತನ್ನದೇ ನೀತಿ ಹೊರಡಿಸಿ ಆಯೋಜಕರ ನೋಂದಣಿ ಕಡ್ಡಾಯ ಮಾಡಿತು. ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ಪ್ರವಾಸಿಗನಿಗೆ ಇದೆ. ಆದರೆ ಕಾಗದದಲ್ಲಿ ತೇಪೆಯ ಅಂಚು ಕಾಣುವುದಿಲ್ಲ, ಅದಕ್ಕೆ ಕಣ್ಣೇ ಬೇಕು.

ದಡದಲ್ಲಿ ಐದು ನಿಮಿಷ ಸಾಕು. ರಾಫ್ಟ್ ಸುತ್ತ ಒಂದು ಸುತ್ತು ಬನ್ನಿ. ತೇಪೆಗಳಿದ್ದರೆ ಹೆದರಬೇಡಿ. ನೂರಾರು ಸಲ ನೀರಿಗಿಳಿದ ರಾಫ್ಟ್‌ಗೆ ತೇಪೆ ಇಲ್ಲದಿದ್ದರೇ ಅನುಮಾನ. ತೇಪೆಯ ಅಂಚಿಗೆ ಉಗುರು ಹಾಕಿ, ಎದ್ದರೆ ಗೈಡ್‌ಗೆ ತೋರಿಸಿ. ಕೊಳವೆಯನ್ನು ಅಂಗೈಯಿಂದ ಬಡಿದರೆ ಡೊಳ್ಳಿನಂತೆ ಸದ್ದು ಬರಬೇಕು, ಎಲ್ಲ ಕೋಣೆಗಳಲ್ಲೂ ಒಂದೇ ಸದ್ದು. ಒಂದು ಕಡೆ ಮಾತ್ರ ಥಪ್ ಎಂದರೆ ಅಲ್ಲಿ ಸೋರಿಕೆ ಇದೆ. ಪಾದ ಸಿಕ್ಕಿಸುವ ಪಟ್ಟಿಯನ್ನು ಬಲವಾಗಿ ಎಳೆಯಿರಿ, ಬುಡ ಅಲುಗಬಾರದು. ಪಾದದ ಮುಂಭಾಗ ಮಾತ್ರ ಒಳಗೆ ಹೋಗಬೇಕು, ಹಿಮ್ಮಡಿ ದಾಟಿ ಒಳಸೇರುವಷ್ಟು ದೊಡ್ಡದಿರಬಾರದು. ಗುಂಪಿನಲ್ಲಿ ಕನಿಷ್ಠ ಒಂದು ರಕ್ಷಣಾ ಕಯಾಕ್, ಗೈಡ್ ಬಳಿ ಎಸೆಯುವ ಹಗ್ಗದ ಚೀಲ, ರಿಪೇರಿ ಕಿಟ್ ಮತ್ತು ಪಂಪ್ ಇದೆಯೇ ಕೇಳಿ. ಕಿಟ್ ಬಸ್ಸಿನಲ್ಲಿದೆ ಎಂಬ ಉತ್ತರ ಬಂದರೆ ಅದು ಇದ್ದೂ ಇಲ್ಲದ ಹಾಗೆ.

ತಲೆ ಎಣಿಸುವುದನ್ನೂ ಬಿಡಬೇಡಿ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಕಾಳಿ ನದಿಯಲ್ಲಿ ಮಿತಿಗಿಂತ ಹೆಚ್ಚು ಪ್ರವಾಸಿಗರಿದ್ದ ರಾಫ್ಟ್ ಸೆಳವಿಗೆ ಸಿಲುಕಿದ ವಿಡಿಯೊ ದೇಶವೆಲ್ಲ ಹರಿದಾಡಿತ್ತು. ಪಕ್ಕದ ದೋಣಿಗಳವರು ಎಳೆದು ಕಾಪಾಡಿದ್ದರಿಂದ ಜನ ಬದುಕಿದರು. ಹೆಚ್ಚು ತೂಕ ಹೇರಿದಾಗ ರಾಫ್ಟ್ ಆಳಕ್ಕೆ ಕೂರುತ್ತದೆ, ತಿರುಗುವುದು ನಿಧಾನವಾಗುತ್ತದೆ, ತಳದ ಬಟ್ಟೆ ಬಂಡೆಗೆ ಉಜ್ಜುತ್ತದೆ. ಮುಂದಿನ ವಾರದ ಪಂಕ್ಚರ್ ಹುಟ್ಟುವುದೂ ಅಲ್ಲೇ.

ಮಳೆಗಾಲದಲ್ಲಿ ಕುಂಡಲಿಕಾಗೆ ಹೋಗುವವರಿಗೆ ಇನ್ನೊಂದು ಮಾತು. ಆಗ ಅಣೆಕಟ್ಟಿನ ನೀರಿನ ಜೊತೆಗೆ ಘಟ್ಟದ ಹಳ್ಳಗಳ ನೀರೂ ಸೇರಿ ಹರಿವು ಹಠಾತ್ತಾಗಿ ಏರಬಹುದು. ಆ ದಿನದ ಸವಾರಿ ರದ್ದು ಎಂದು ಆಯೋಜಕರು ಹೇಳಿದರೆ ಜಗಳ ಕಾಯಬೇಡಿ. ಹಣ ವಾಪಸ್ ಅಥವಾ ಬೇರೆ ದಿನಾಂಕ, ಎರಡರಲ್ಲಿ ಒಂದನ್ನು ಬುಕ್ ಮಾಡುವಾಗಲೇ ಬರಹದಲ್ಲಿ ಕೇಳಿ ಪಡೆದುಕೊಂಡಿದ್ದರೆ ಒಳ್ಳೆಯದು.